ಮಚ್ಛೆಯ ದೀಪದ ಕೆಳಗೆ ಗುಂಜಿಯ ಕಷಾಯ

ಅಕ್ಕನಿಗೆ ಕರುಳಿನ ಕ್ಯಾನ್ಸರ್ ಆಗಿದ್ದಾಗ ಭಾವ ಖಾನಾಪುರದ ಆಚೆಯ ಗುಂಜಿ ಎಂಬ ಊರಿನಿಂದ ಮರದ ತೊಗಟೆಯ ಕಷಾಯ ತರುತ್ತಿದ್ದರು. ಅದರ ಉಳಿಕೆಯನ್ನು ನಾನು ಒಂದು ದಿನ ನೇರಳೆ ಬೆಳಕಿನ ದೀಪದ ಕೆಳಗೆ ಇಟ್ಟು ನೋಡಿದೆ. ಅಕ್ಕ ಎಲ್ಲಕ್ಕಿಂತ ಹೆಚ್ಚು ನರಳಿದ ವಾರದ ಕಷಾಯವೇ ಎಲ್ಲಕ್ಕಿಂತ ಹೆಚ್ಚು ಹೊಳೆಯಿತು ಎಂದು ನನ್ನ ನೆನಪು. ಈ ನೆನಪನ್ನು ನಾನು ನಂಬುವುದಿಲ್ಲ. ಅದು ತೀರಾ ಅಚ್ಚುಕಟ್ಟಾಗಿದೆ. ಇಷ್ಟು ಅಚ್ಚುಕಟ್ಟಾದ ಫಲಿತಾಂಶ ಬಂದರೆ ಮೊದಲು ಉಪಕರಣವನ್ನು ಅನುಮಾನಿಸಬೇಕು ಎಂದು ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ್ದರು. ಇಲ್ಲಿ ಉಪಕರಣ ಎಂದರೆ ನನ್ನ ತಲೆ.

ಭಾವನನ್ನು ಕೇಳಿದರೆ, ಹೊಳೆದದ್ದು ಶರಬತ್ತಿನ ಬಾಟಲಿಯಲ್ಲಿ ತಂದ ಕಷಾಯ, ಅದು ಬೇರೆ ವಾರದ್ದು ಅನ್ನುತ್ತಾರೆ. ಅಕ್ಕನನ್ನು ಕೇಳಿದರೆ, "ಅದನ್ಯಾಕ ಈಗ ಕೆದರತೀ, ತಮ್ಮಾ" ಎಂದು ಗಿರಾಕಿಯ ಕಡೆ ತಿರುಗುತ್ತಾಳೆ. ನಾನು ಆ ದಿನ ಏನನ್ನೂ ಬರೆದಿಟ್ಟುಕೊಳ್ಳಲಿಲ್ಲ. ಹೀಗಾಗಿ ಕಂಡದ್ದು ಎಷ್ಟು, ಆಮೇಲೆ ಕಟ್ಟಿಕೊಂಡದ್ದು ಎಷ್ಟು ಎಂಬ ಗುಮಾನಿಯನ್ನು ಜೊತೆಗೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಅಕ್ಕ, ಭಾವನವರದು ಬೆಳಗಾವಿಯ ರವಿವಾರ ಪೇಟೆಯಲ್ಲಿ ಸಗಟು ವ್ಯಾಪಾರ. ಒಣಮೆಣಸಿನಕಾಯಿ, ಬೆಲ್ಲ, ಕೊಬ್ಬರಿ. ಬೋರ್ಡಿನ ಮೇಲೆ ಹೆಸರು ಭಾವನವರ ತಂದೆಯದು, ಗಾದಿಯ ಮೇಲೆ ಕೂರುವವಳು ಅಕ್ಕ. ಲಾರಿಯಿಂದ ಮಾಲು ಇಳಿದರೆ ಅವಳು ಮೊದಲ ಚೀಲದ ಬಾಯಿ ಬಿಚ್ಚಿ ನೋಡಿ ತೃಪ್ತಳಾಗುವುದಿಲ್ಲ. ಯಾವುದೋ ನಡುವಿನ ಚೀಲ ಎಳೆಸಿ, ಅದರ ಹೊಟ್ಟೆಗೂ ತಳಕ್ಕೂ ಕೈ ಹಾಕಿ ನಮೂನೆ ತೆಗೆಯುತ್ತಾಳೆ. ಮೇಲೆ ಒಳ್ಳೆಯದನ್ನು ಹರಡಿ ಕೆಳಗೆ ಹಳೆಯದನ್ನು ತುಂಬಿದವನಿಗೆ ಅವಳು ಬೈಯುವುದಿಲ್ಲ. "ಗಾಡಿ ಹೊಳ್ಳಸ್ರಿ" ಅನ್ನುತ್ತಾಳೆ, ಅಂದರೆ ಮಾಲು ವಾಪಸು, ಅಷ್ಟೇ. ಪೇಟೆಯಲ್ಲಿ ಈ ಎರಡು ಶಬ್ದಕ್ಕೆ ಹೆದರುವವರಿದ್ದಾರೆ.

ಅವಳ ದೊಡ್ಡ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಬೆಳಗಾವಿಯಲ್ಲೇ ಆಪರೇಷನ್ ಆಯಿತು. ಆದರೆ ಲಿವರಿನ ಮೇಲೆ ಒಂದು ಕಲೆ ಇದೆ ಎಂದು ಸ್ಕ್ಯಾನ್ ಹೇಳಿತು. ಎರಡು ವಾರಕ್ಕೊಮ್ಮೆ ಕೀಮೋ, ಒಂದು ಸುತ್ತು ಪೂರ್ತಿ ಮುಗಿದ ಮೇಲೆ ಮತ್ತೆ ಸ್ಕ್ಯಾನ್, ಆಮೇಲೆ ಮುಂದಿನದು ಎಂದರು ಡಾಕ್ಟರ್. ಮೊದಲ ಕೀಮೋದ ಸಲಾಯಿನ್ ಹಚ್ಚಿದ ದಿನ ಅಕ್ಕ ಸಂಜೆಯೇ ಅಂಗಡಿಯಲ್ಲಿ ಕೂತಳು. ಎರಡನೆಯದಕ್ಕೆ ಕೂರಲಿಲ್ಲ. ಸುತ್ತು ಅರ್ಧವೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಭಾವ ಫೋನ್ ಮಾಡಿ, "ಬಂದ ಹೋಗು, ನಿಮ್ಮ ಅಕ್ಕ ದವಾಖಾನಿ ಬಿಟ್ಟಾಳ" ಎಂದರು.

ಅಂಗಡಿಯ ಮಾಳಿಗೆಯ ಮೇಲೆಯೇ ಅವರ ಮನೆ. ನಾನು ಹೋದಾಗ ಅಕ್ಕ ಪೂಜೆಯ ಮಣೆಯ ಮುಂದೆ ಕೂತಿದ್ದಳು. ಹಣೆಯ ವಿಭೂತಿ ಬೆವರಿಗೆ ಕಲೆಸಿಹೋಗಿತ್ತು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದಳು, ಆದರೆ ಪತ್ರೆ, ಹೂವು ತಟ್ಟೆಯಲ್ಲಿ ಹಾಗೇ ಉಳಿದಿದ್ದವು.

"ಏನಾತು?" ಎಂದೆ.

"ಏನಾಗಬೇಕು? ಅಂಗೈಮ್ಯಾಲ ಲಿಂಗ ಇಟ್ಕೊಂಡು ಕುಂದರತೀನಿ, ಹೊಟ್ಟಿ ಎಬ್ಬಸತೈತಿ. ಅರ್ಧಕ್ಕ ಕಟ್ಕೊಂಡು ಓಡತೀನಿ. ಬಂದು ಕುಂದರತೀನಿ, ಮತ್ತ ಓಡತೀನಿ. ಬುದ್ಧಿ ಬಂದಾಗಿಂದ ಒಂದ ದಿನಾ ಪೂಜಿ ಅರ್ಧಕ್ಕ ಬಿಟ್ಟಿಲ್ಲ ನಾ."

"ಬ್ಯಾನ್ಯಾಗ ಇದ್ದಾಗ ಏನೂ ಆಗೂದಿಲ್ಲಕ್ಕಾ. ನಮ್ಮಲ್ಲೇನು ಸೂತಕ ಐತೇನು, ಮೈಲಿಗಿ ಐತೇನು?"

"ಅದನ್ನ ನೀ ನನಗ ಕಲಸಬ್ಯಾಡ. ಮೈಲಿಗಿ ಮಾತಲ್ಲ ಇದು. ಕಣ್ಣು ಲಿಂಗದ ಮ್ಯಾಲ, ಮನಸು ಸಂಡಾಸದ ಕಡೆ. ಇಂಥಾ ಪೂಜಿ ಯಾರಿಗೆ ಬೇಕು? ಇನ್ನ ಸಾಕು. ಮುಂದಿನ ಸಲಾಯಿನ್‌ಗೆ ನಾ ಬರೂದಿಲ್ಲ."

ನಾನು ದೇವರನ್ನು ನಂಬುವವನಲ್ಲ. ಆದರೆ ಅವಳ ಲೆಕ್ಕ ನನಗೆ ಅರ್ಥವಾಯಿತು. ಕೂದಲು ಹೋದದ್ದಕ್ಕೆ ಅವಳು ಅತ್ತಿರಲಿಲ್ಲ. ಬಾಯಿ ರುಚಿ ಕೆಟ್ಟಾಗ, "ಮೆಣಸಿನಕಾಯಿ ಧಂದೆಯವರಿಗೆ ಇದೂ ಒಂದು ಸೂಟಿ" ಎಂದು ನಕ್ಕಿದ್ದಳು. ಈಗ ಕೈಬಿಡಲಾಗದ ಒಂದೇ ಒಂದನ್ನು ಕಾಯಿಲೆ ಮುಟ್ಟಿತ್ತು.

ಆಗ ಭಾವ ತಮ್ಮ ಫೋನು ಹೊರಗೆ ತೆಗೆದರು. ನಾನು ಮನಸ್ಸಿನಲ್ಲೇ ನಿಟ್ಟುಸಿರು ಬಿಟ್ಟೆ. ವ್ಯಾಪಾರಸ್ಥರ ಗ್ರೂಪಿನಿಂದ ಅವರಿಗೆ ದಿನವೂ ಒಂದು ಆರೋಗ್ಯದ ಸುದ್ದಿ ಬರುತ್ತದೆ. ಬೆಂಡೆಕಾಯಿ ನೀರು, ತಾಮ್ರದ ತಂಬಿಗೆ, ಹೀಗೆ.

"ಕೇಳಿಲ್ಲೆ ಸಾಹೇಬ," ಎಂದರು. ಅವರಿಗೆ ಸಿಟ್ಟು ಬಂದಾಗ ನಾನು ಸಾಹೇಬನಾಗುತ್ತೇನೆ. "ನಿಮ್ಮ ದವಾಖಾನ್ಯಾಗ ಹಚ್ಚೂ ಆ ಔಷಧ ಐತೆಲ್ಲಾ, ಅದು ನರಕ್ಯಾ ಅನ್ನೂ ಗಿಡದಿಂದ ಬಂದದ್ದು. ನಮ್ಮ ಘಟ್ಟದಾಗ ಬೆಳೀತೈತಿ. ಖಾನಾಪುರದ ಅಡವ್ಯಾಗ. ಇದು ಸುಳ್ಳ ಅನ್ನು ನೋಡೂಣು."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಭಾವನವರ ಫೋನಿನಲ್ಲಿ ನಿಜ ಬಂದಿತ್ತು.

ನಾನು ಓದಿದ್ದು ರಸಾಯನಶಾಸ್ತ್ರ, ಅದರಲ್ಲೂ ಗಿಡಮರಗಳೊಳಗಿನ ರಾಸಾಯನಿಕಗಳದ್ದು. ಸಂಶೋಧನೆ ಮಾಡಬೇಕೆಂದಿದ್ದೆ. ಒಂದು ಕಡೆ ನಿಲ್ಲುವ ಸ್ವಭಾವ ನನ್ನದಲ್ಲವಾದ್ದರಿಂದ ಎರಡು ಊರು, ನಾಲ್ಕು ಕೆಲಸ ಸುತ್ತಿ ಈಗ ಬೆಳಗಾವಿ ಪಕ್ಕದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣದ ತುಂಡುಗಳ ಗುಣಮಟ್ಟ ಪರೀಕ್ಷಿಸುತ್ತೇನೆ. ಆದರೂ ಕ್ಯಾಂಪ್ಟೋಥೆಸಿನ್ ಎಂಬ ಹೆಸರು ಮರೆತಿರಲಿಲ್ಲ. ಮೊದಲು ಚೀನಾದ ಒಂದು ಮರದಲ್ಲಿ, ಆಮೇಲೆ ನಮ್ಮ ಸಹ್ಯಾದ್ರಿಯ ನರಕ್ಯಾ ಮರದಲ್ಲೂ ಸಿಕ್ಕ ವಸ್ತು ಅದು. ಕ್ಯಾನ್ಸರ್ ಕೋಶ ಒಡೆದು ಎರಡಾಗುವ ಹೊತ್ತಿಗೆ ಅದರ ಕೈ ಕಟ್ಟಿಹಾಕುತ್ತದೆ. ಆದರೆ ಅದನ್ನು ಇದ್ದ ಹಾಗೆಯೇ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರದಲ್ಲಿ ರಕ್ತ, ತಡೆಯಲಾಗದ ಭೇದಿ. ಆಮೇಲೆ ಅದರ ರಚನೆಯನ್ನು ಅಷ್ಟಿಷ್ಟು ಬದಲಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೈಯಳತೆಗೆ ತಕ್ಕಂತೆ ಕೊಡುವ ಔಷಧಿ ತಯಾರಾಯಿತು. ಅಕ್ಕನ ಕೈಗೆ ಹಚ್ಚುತ್ತಿದ್ದದ್ದು ಅದೇ. ಪೇಟೆಯ ಗಟಾರದ ಅಂಚಿನಲ್ಲಿ ತಾನೇ ಹುಟ್ಟಿ ಬೆಳೆಯುವ ಸದಾಫುಲಿ, ಅಂದರೆ ನಿತ್ಯಪುಷ್ಪದ, ಗಿಡದಿಂದಲೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಔಷಧಿ ಬಂದಿದೆ. ಇದನ್ನೆಲ್ಲ ಬಲ್ಲವನು ಗಿಡಮೂಲಿಕೆ ಎಂದರೆ ಬರೀ ಸುಳ್ಳು ಎಂದು ಭಾವನವರ ಮುಂದೆ ಹೇಗೆ ಹೇಳಲಿ?

"ಖರೇ ಐತಿ ಮಾಮಾ," ಎಂದೆ. ನಮ್ಮ ಕಡೆ ಅಕ್ಕನ ಗಂಡನನ್ನು ಕರೆಯುವುದು ಹಾಗೆ.

"ಮತ್ತ? ಹಸೀದು ಇಲ್ಲೇ ಗುಂಜ್ಯಾಗ ಸಿಗತಿದ್ರ ಶೀಶಾದಾಗಿಂದು ಯಾಕ?"

"ಸಿಗತಿದ್ರ ಅಂದ್ರ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಕ್ಕನೇ ಹೇಳಿದಳು. "ನಾ ಆಗ್ಲೇ ಕುಡ್ಯಾಕ ಹತ್ತೀನಿ. ಎದ್ದ ಕೂಡ್ಲೆ ಒಂದ ಬಟ್ಟಲಾ."

ಅದು ನಿಜಕ್ಕೂ ನರಕ್ಯಾ ಆಗಿದ್ದರೆ ಅವಳು ಒಂದೇ ಜಾತಿಯ ವಿಷವನ್ನು ಎರಡು ಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಆಗಿರದಿದ್ದರೆ, ಏನೂ ಅಲ್ಲದ ನೀರಿಗಾಗಿ ಆಸ್ಪತ್ರೆ ಬಿಡುತ್ತಿದ್ದಳು. ಮುಂದಿನ ಕೀಮೋಗೆ ಒಂದು ವಾರವಷ್ಟೇ ಇತ್ತು. ಅಷ್ಟರೊಳಗೆ ಅವಳನ್ನು ಒಪ್ಪಿಸಲೇಬೇಕು, ಹೆದರಿಸಿ ಅಲ್ಲ, ಅವಳಾಗಿಯೇ ಎದ್ದು ಬರುವಂತೆ ಎಂದು ಆ ಮೆಟ್ಟಿಲು ಇಳಿಯುವಾಗಲೇ ನಿಶ್ಚಯ ಮಾಡಿದೆ.

ಮರುದಿನ ರಜೆ ಹಾಕಿ ಭಾವನವರ ಮೋಟರ್ ಸೈಕಲ್ಲಿನ ಹಿಂದೆ ಕೂತು ಗುಂಜಿಗೆ ಹೋದೆ. ಮಚ್ಛೆ ದಾಟುವಾಗ ನಮ್ಮ ಕಾರ್ಖಾನೆಯ ಗೇಟಿನಲ್ಲಿ ಯಾರಾದರೂ ಕಂಡಾರು ಎಂದು ತಲೆ ತಗ್ಗಿಸಿದೆ. ರಜೆಗೆ ಜ್ವರದ ಕಾರಣ ಕೊಟ್ಟಿದ್ದೆ. ಖಾನಾಪುರದಲ್ಲಿ ಚಹಾ ಕುಡಿದು, ಭಾವ ಒಂದು ತೆಂಗಿನಕಾಯಿ ಕೊಂಡರು. ಔಷಧಿ ಕೊಡುವವರು ಬೇರೆ ಏನನ್ನೂ ಮುಟ್ಟುವುದಿಲ್ಲವಂತೆ.

ಅವರು ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಮನೆತನ ದನ, ಕುರಿ ಕಾಯ್ದುಕೊಂಡು ಬಂದದ್ದು. ಸ್ಟೇಷನ್ನಿನಿಂದ ಅಡವಿಯ ಕಡೆಗೆ ಹೋಗುವ ದಾರಿಯಲ್ಲಿ ಮನೆ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಬರ್ರಿ, ಕುಂದರ್ರಿ. ನಿಮ್ಮ ಮನೀ ಬಾಯಾರ ಹೊಟ್ಟಿ ಹೆಂಗೈತಿ?"

"ಕಾಕಾ, ಇವ ನನ್ನ ಹೆಂಡತಿ ತಮ್ಮ," ಎಂದರು ಭಾವ. "ಭಾಳ ಓದ್ಯಾನ. ಅದಕ್ಕ ಎಲ್ಲಾದ್ರಾಗೂ ಸಂಶೇ."

"ಇರಲಿ. ಸಂಶೇ ಇಲ್ಲದ ಮಂದಿನ ಹಳಿ ಮ್ಯಾಲ ಮಲಗತಾರ," ಎಂದು ಕಾಕಾ ನಕ್ಕರು.

ನಾನು ನೇರವಾಗಿ ಕೇಳಿದೆ. "ಇದ್ರಾಗ ಏನ ಹಾಕತೀರಿ ಕಾಕಾ?"

ಭಾವ ನನ್ನ ತೊಡೆ ಚಿವುಟಿದರು. ನಾಟಿ ಔಷಧಿಯ ಹೆಸರು ಕೇಳಬಾರದು ಎಂಬುದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು.

"ಹೆಸರ ಹೇಳಿದ್ರ ಗುಣಾ ಹೋಗತೈತಿ," ಎಂದರು ಕಾಕಾ, ಬೇಸರವಿಲ್ಲದೆ.

"ನಾನ ಹೆಸರ ಹೇಳತೀನಿ. ನರಕ್ಯಾ ಏನು?"

"ಹೆಸರ ನೀವು ಅಂದ್ರಿ. ನಾ ಅಂದಿಲ್ಲ."

ಹೀಗೆ ಹೇಳುವಾಗ ಅವರು ಹೌದೆಂದು ತಲೆಯಾಡಿಸಿದರು ಎಂದು ಭಾವ ಇವತ್ತಿಗೂ ಸಾಧಿಸುತ್ತಾರೆ. ನನಗೆ ನೆನಪಿರುವಂತೆ ಅವರು ಮುಖದ ಮೇಲಿನ ನೊಣ ಓಡಿಸಿಕೊಂಡರು.

ಹೆಸರು ಬೇಡ, ಬೇರೆ ಕೇಳೋಣ ಎಂದುಕೊಂಡೆ. "ಪ್ರತಿ ಸಲಾ ಒಂದ ಗಿಡದ್ದ ತರತೀರೇನು?"

"ಅದನ್ನ ಈ ಮೊಣಕಾಲಿಗೆ ಕೇಳ್ರಿ. ನಾ ಅಡವಿಗೆ ಹೋಗೂದ ಬಿಟ್ಟು ಭಾಳ ದಿನ ಆತು. ಮಗಾ ತರತಾನ. ಅವಗ ಡ್ಯೂಟಿ ಇದ್ರ ಬಾಜು ಮನಿಯವ ತರತಾನ. ಸೊಸಿ ಕುದಸತಾಳ."

"ಎಷ್ಟ ಕುದಸೂದು?"

"ನೀರು ಅರ್ಧಾ ಆಗೂತನಕ."

ಒಳಗಿನಿಂದ ಸೊಸೆಯ ದನಿ ಬಂತು. "ಸಿಲಿಂಡರ್ ಮುಗ್ಯಾಕ ಬಂದಿದ್ರ ಅರ್ಧಾ ಆಗೂದಿಲ್ರೀ, ಮಾವಾರ. ಖರೇ ಇದ್ದದ್ದ ಹೇಳ್ರಿ."

ಕಾಕಾ ಜೋರಾಗಿ ನಕ್ಕರು. ಅವರಲ್ಲಿ ಮೋಸವಿರಲಿಲ್ಲ. ಕ್ಯಾನ್ಸರ್ ಹೋಗುತ್ತದೆಯೇ ಎಂದು ನಾನು ಕೇಳಿದಾಗ ಎಣ್ಣೆಯ ಬಟ್ಟಲು ಕೆಳಗಿಟ್ಟು ಹೇಳಿದರು. "ನಮ್ಮಪ್ಪ ಇದನ್ನ ಹೊಟ್ಟಿ ಜಾಡ್ಯಕ್ಕ ಅಂತ ಕೊಡತಿದ್ದ. ನಾನೂ ಹಂಗ ಕೊಡತೀನಿ. ನೀವು ಅಂತೀರೆಲ್ಲಾ ಆ ಶಬ್ದಾ, ಅದನ್ನ ತಂದವರು ಇವರು." ಭಾವನವರ ಕಡೆ ಬೆರಳು ತೋರಿಸಿದರು. "ನನಗ ಬಿಪಿ ಐತಿ. ನಾನೂ ರೇಲ್ವೆ ದವಾಖಾನಿ ಗುಳಗಿ ನುಂಗತೀನಿ."

ತಿರುಗಿ ಬರುವಾಗ ಭಾವ ಸ್ಟೇಷನ್ನಿನ ಹಿಂದಿನ ಹಾದಿಯಲ್ಲಿ ಗಾಡಿ ನಿಲ್ಲಿಸಿ, "ಅದ ನೋಡು, ಇಲ್ಲಿ ಮಂದಿ ನರಕ್ಯಾ ಅನ್ನೂದು ಅದಕ್ಕ" ಎಂದು ಒಂದು ಸಣ್ಣ ಮರ ತೋರಿಸಿದರು. ಬುಡದಲ್ಲಿ ಮುರಿದು ಬಿದ್ದ ಒಂದು ಟೊಂಗೆಯಿತ್ತು. ಉಗುರಿನಿಂದ ತೊಗಟೆ ಕೆರೆದು ಮೂಗಿಗೆ ಹಿಡಿದೆ. ಸತ್ತ ಇಲಿ ಮೂಲೆಯಲ್ಲಿ ಉಳಿದ ಮನೆಯ ವಾಸನೆ. ನರಕದ ಹೆಸರು ಯಾಕೆ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ. ಒಂದು ಗೇಣು ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡೆ. ಬೆಳಗಾವಿ ಮುಟ್ಟುವವರೆಗೂ ಭಾವ ಮೂಗು ತಿರುಗಿಸಿಯೇ ಗಾಡಿ ಓಡಿಸಿದರು.

ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಮಗ, ಬಾಜು ಮನೆಯವನು, ಸಿಲಿಂಡರು. ಅವಳು ಕೇಳಿ, "ನಿನ್ನ ಬಾಯಿಮಾತಿನ ಮ್ಯಾಲ ನಾ ಯಾಕ ನಂಬಲಿ? ನಿಮ್ಮ ಮಾಮಾನೂ ಬಾಯಿಮಾತ ಹೇಳತಾರ, ನೀನೂ ಹೇಳತೀ. ಮಾಲು ತೋರಸು" ಎಂದಳು.

ತೋರಿಸುವುದಕ್ಕೆ ಮಾಲು ಮನೆಯಲ್ಲೇ ಇತ್ತು. ಉಳಿದ ಔಷಧಿಯನ್ನು ಕಾಲಿನಿಂದ ತುಳಿಯುವ ಜಾಗಕ್ಕೆ ಚೆಲ್ಲಬಾರದು, ಹರಿಯುವ ನೀರಿಗೆ ಬಿಡಬೇಕು ಎಂದು ಕಾಕಾ ಕಟ್ಟು ಹಾಕಿದ್ದರು. ರವಿವಾರ ಪೇಟೆಯಲ್ಲಿ ಹರಿಯುವ ನೀರು ಎಂದರೆ ಗಟಾರ. ಹೀಗಾಗಿ, ಖಾನಾಪುರದಲ್ಲಿ ಮಲಪ್ರಭೆಗೆ ಬಿಟ್ಟರಾಯಿತು ಎಂದು ಪ್ರತಿ ಸಲದ ಉಳಿಕೆಯನ್ನೂ ಅಕ್ಕ ಫ್ರಿಜ್ಜಿನ ಹಿಂಬದಿಗೆ ನೂಕಿಟ್ಟಿದ್ದಳು. ಶರಬತ್ತಿನ ಬಾಟಲಿ, ಜೇನಿನ ಬಾಟಲಿ, ನೀರಿನ ಪ್ಲಾಸ್ಟಿಕ್ ಬಾಟಲಿ. ಭಾವ ಪ್ರತಿ ಸಲ ಕೈಗೆ ಸಿಕ್ಕಿದ್ದನ್ನು ಒಯ್ದಿದ್ದರು. ಮೂರು ಬಾಟಲಿ ಎಂದು ನನ್ನ ನೆನಪು. ಭಾವ ನಾಲ್ಕು ಅನ್ನುತ್ತಾರೆ.

ನಮ್ಮ ಕಾರ್ಖಾನೆಯಲ್ಲಿ ಕಪ್ಪು ಪರದೆ ಹಾಕಿದ ಒಂದು ಸಣ್ಣ ಕೋಣೆ ಇದೆ. ತಯಾರಾದ ಕಬ್ಬಿಣದ ತುಂಡಿಗೆ ಒಂದು ಬಗೆಯ ಹೊಳೆಯುವ ದ್ರವ ಹರಿಸಿ, ಅಲ್ಲಿ ನೇರಳೆ ದೀಪದ ಕೆಳಗೆ ಹಿಡಿದರೆ ಬರಿಗಣ್ಣಿಗೆ ಕಾಣದ ಬಿರುಕು ಹಸಿರು ಗೆರೆಯಾಗಿ ಎದ್ದು ಕಾಣುತ್ತದೆ. ಕ್ಯಾಂಪ್ಟೋಥೆಸಿನ್ ಅಂಥ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ ಎಂದು ಓದಿದ್ದು ನೆನಪಿತ್ತು. ಹೊಳೆಯುವ ವಸ್ತುಗಳು ಬೇರೆ ನೂರಾರು ಇವೆ ಎಂಬುದೂ ನೆನಪಿತ್ತು. ವಾರದ ರಜೆಯ ದಿನ ಮಾಲೀಕರ ಒಪ್ಪಿಗೆ ಪಡೆದು ಅಕ್ಕ, ಭಾವ ಇಬ್ಬರನ್ನೂ ರಿಕ್ಷಾದಲ್ಲಿ ಕರೆತಂದೆ. ಅಕ್ಕ ತಲೆಗೆ ಬಿಗಿಯಾಗಿ ಸೆರಗು ಹೊದ್ದು, ಬಾಟಲಿಗಳ ಚೀಲವನ್ನು ತಾನೇ ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಬಾಟಲಿಗಳ ಗಾಜು, ಪ್ಲಾಸ್ಟಿಕ್ ಕೂಡ ಹೊಳೆದಾವು ಎಂದು ಪ್ರತಿಯೊಂದರಿಂದ ಅಷ್ಟಷ್ಟನ್ನು ಒಂದೇ ಅಳತೆಯ ಗಾಜಿನ ನಳಿಗೆಗಳಿಗೆ ಸೋಸಿ ಹಾಕಿದೆ. ಇನ್ನೊಂದರಲ್ಲಿ ನಲ್ಲಿ ನೀರು. ಕೊನೆಯದರಲ್ಲಿ, ಗುಂಜಿಯ ಕಡ್ಡಿಯ ಪುಡಿಯನ್ನು ಹಿಂದಿನ ದಿನ ಸ್ಪಿರಿಟ್ಟಿನಲ್ಲಿ ನೆನೆಸಿಟ್ಟದ್ದು. ಪರದೆ ಎಳೆದು ದೀಪ ಹಚ್ಚಿದೆ.

ಮೊದಲು ಹೊಳೆದದ್ದು ಭಾವ. ಕತ್ತಲಲ್ಲಿ ಅವರ ಬಿಳಿ ಅಂಗಿ, ಧೋತರ ನೀಲಿಯಾಗಿ ಎದ್ದು ನಿಂತವು. ಅವರು ಗಾಬರಿಯಾಗಿ ಎದೆ ಒರೆಸಿಕೊಂಡರು.

"ಅದು ಬಟ್ಟಿ ತೊಳಿಯೂ ಪುಡಿ ಮಾಮಾ. ಬಟ್ಟಿ ಬೆಳ್ಳಗ ಕಾಣಲಿ ಅಂತ ಅದ್ರಾಗ ಹೊಳಿಯೂದು ಹಾಕಿರತಾರ."

"ಹಂಗಾರ ನಾ ಇವರ ಧೋತ್ರಾ ಕುದಿಸಿ ಕುಡಿಯಲೇನು?" ಎಂದಳು ಅಕ್ಕ. ಎಷ್ಟೋ ದಿನಗಳ ಮೇಲೆ ಅವಳ ನಗು ಕೇಳಿದೆ. ಭಾವನೂ ನಕ್ಕರು, ಆದರೆ ಪರದೆಯ ಹಿಂದಕ್ಕೆ ಸರಿದು ನಿಂತರು.

ಆಮೇಲೆ ನಳಿಗೆಗಳು. ಸ್ಪಿರಿಟ್ಟಿನಲ್ಲಿ ನೆನೆಸಿದ ಕಡ್ಡಿಯದು ಸ್ಟವ್‌ನ ಉರಿಯಂಥ ನೀಲಿ. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ನಮ್ಮ ಘಟ್ಟದ, ಯಾರೂ ಮೂಗು ಹತ್ತಿರ ಒಯ್ಯದ ಒಂದು ಮರ ತನ್ನೊಳಗೆ ಇಂಥದ್ದನ್ನು ಇಟ್ಟುಕೊಂಡಿದ್ದರೆ, ಇನ್ನೂ ಯಾರೂ ಕೆರೆದು ನೋಡದ ಮರಗಳಲ್ಲಿ ಏನೇನಿದೆಯೋ ಎನ್ನಿಸಿತು. ಕಷಾಯದ ನಳಿಗೆಗಳಲ್ಲಿ ಒಂದು ಚೆನ್ನಾಗಿ ಹೊಳೆಯಿತು. ಒಂದು ಮಸುಕಾಗಿ. ಒಂದಕ್ಕೂ ನಲ್ಲಿ ನೀರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇಷ್ಟರ ಬಗ್ಗೆ ಮೂವರ ನೆನಪೂ ಒಂದೇ.

"ಇವೆಲ್ಲಾ ಒಂದ ಮನೀದ?" ಎಂದು ಕೇಳಿದಳು ಅಕ್ಕ.

"ಒಂದ ಮನೀದ."

"ಒಂದ ಹೆಸರಿನ ಔಷಧ?"

"ಹೆಸರ ಅವರು ಹೇಳಿಲ್ಲ. ದೀಪಾನೂ ಹೆಸರ ಹೇಳೂದಿಲ್ಲಕ್ಕಾ. ಹೊಳಿಯೂದು ಬ್ಯಾರೆ ಏನರೆ ಇರಬಹುದು. ಹಳೇದಾಗಿ ಗುಣಾ ಕೆಟ್ಟಿರಬಹುದು. ಇವು ಒಂದಕ್ಕೊಂದು ಹೊಂದೂದಿಲ್ಲ ಅನ್ನೂದಷ್ಟ ಖಾತ್ರಿ."

ಅವಳು ಒಂದೊಂದೇ ನಳಿಗೆ ಎತ್ತಿ ಅಲುಗಾಡಿಸಿ ನೋಡಿದಳು, ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು ನೋಡುವ ಹಾಗೆ. "ಎಲ್ಲಾ ಹೊಳದಿದ್ರ ಇದನ್ನ ಕುಡೀತೀನಿ ಅಂತಿದ್ನಿ. ಒಂದೂ ಹೊಳೀದಿದ್ರ ನಿನ್ನ ದೀಪಾನ ಸುಳ್ಳ ಅಂತಿದ್ನಿ," ಎಂದಳು. ಆಮೇಲೆ ನಳಿಗೆ ಕೆಳಗಿಟ್ಟು ಕೇಳಿದಳು, "ಒಂದ ವಾರ ಮಾಲು, ಒಂದ ವಾರ ನೀರು. ನನ್ನ ಹೊಟ್ಟ್ಯಾಗ ಯಾವುದ ಎಷ್ಟ ಹೋತು, ಯಾರಿಗೆ ಗೊತ್ತು? ದವಾಖಾನ್ಯಾಗ ಹೆಂಗ ಅಳೀತಾರ?"

"ನಿನ್ನ ಎತ್ತರ, ತೂಕ ನೋಡಿ. ಅದಕ್ಕ ಪ್ರತಿ ಸಲಾ ಕಾಟಾದ ಮ್ಯಾಲ ನಿಲ್ಲಸತಾರ."

"ಅದಕ್ಕೇನು? ನಾ ಮನ್ಯಾಗ ಸರಿ ಉಂಡಿಲ್ಲ ಅಂತ ಹಿಡ್ಯಾಕ ತೂಗತಾರ ಅಂದ್ಕೊಂಡಿದ್ನಿ. ಒಮ್ಮಿ ಸೀರಿ ಗಂಟಿನ್ಯಾಗ ಕಲ್ಲಸಕ್ಕರಿ ಕಟ್ಕೊಂಡು ನಿಂತಿದ್ನಿ."

ತೂಕದಲ್ಲಿ ಎಂದೂ ಮೋಸ ಮಾಡದ ಅಕ್ಕ ತನ್ನ ತೂಕಕ್ಕೇ ಮೋಸ ಮಾಡಿದ್ದಳು. ನಾನು ಹೊರಗೆ ಬಂದು ನಗಬೇಕಾಯಿತು.

ಪರದೆ ಸರಿಸಿದ ಮೇಲೆ ಅವಳು ಬಾಟಲಿಗಳ ಚೀಲವನ್ನು ಭಾವನವರ ಕೈಗೆ ಕೊಟ್ಟಳು. "ಗಾಡಿ ಹೊಳ್ಳಸ್ರಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ದವಾಖಾನಿಗೆ ಬರತೀನಿ. ಆದ್ರ ನನ್ನ ಪೂಜಿದ ಏನ ಮಾಡತೀ?"

"ಭೇದಿ ಆಗತೈತಿ ಅಂತ ಆ ಡಾಕ್ಟರ್ ಬಾಯಾರಿಗೆ ಹೇಳೀಯೇನು?"

"ಕೇಳಿದ್ಳು. ಪರವಾಗಿಲ್ಲರೀ ಅಂದ್ನಿ. ಅಷ್ಟ ಮಂದಿ ಮುಂದ ಅಂಥಾ ಹೊಲಸ ಮಾತ ಹೆಂಗ ಹೇಳೂದು?"

ವಾರಗಟ್ಟಲೆ ನರಳಿ, ಚಿಕಿತ್ಸೆಯನ್ನೇ ಬಿಡಲು ಹೊರಟವಳು ಡಾಕ್ಟರಿಗೆ ಮಾತ್ರ ಪರವಾಗಿಲ್ಲ ಎಂದಿದ್ದಳು. ಮರುದಿನವೇ ನಾನು ಅವಳನ್ನು ಕರೆದುಕೊಂಡು ಹೋದೆ. ಡಾಕ್ಟರ್ ಬೇರೆ ಸೀಮೆಯಿಂದ ಬಂದ ಹೆಣ್ಣುಮಗಳು. ಉಳಿದವರನ್ನು ಹೊರಗೆ ಕೂರಿಸಿ ಎಂದು ನಾನು ಕೇಳಿಕೊಂಡೆ. ಅಕ್ಕ ಗೋಡೆ ನೋಡಿಕೊಂಡು ಎಲ್ಲ ಹೇಳಿದಳು, ಕಷಾಯವನ್ನೂ ಸೇರಿಸಿ. ಬೈಗುಳ ಬರುತ್ತದೆಂದು ಭಾವ ಬಾಗಿಲ ಹತ್ತಿರವೇ ನಿಂತಿದ್ದರು.

"ಹೇಳಿದ್ದು ಒಳ್ಳೇದಾಯ್ತಮ್ಮ," ಎಂದರು ಡಾಕ್ಟರ್. "ಈ ಔಷಧಿಗೆ ಭೇದಿ ಆಗೋದು ಗೊತ್ತಿರೋ ವಿಷಯ. ಅದಕ್ಕೆ ಮಾತ್ರೆ ಇದೆ, ಮೊದಲನೇ ಸಲ ಆದ ಕೂಡಲೇ ಶುರು ಮಾಡಬೇಕು. ನಿಲ್ಲದಿದ್ದರೆ ಕಾಯಬೇಡಿ, ಇಲ್ಲಿಗೆ ಬನ್ನಿ. ಡೋಸೂ ಸ್ವಲ್ಪ ಇಳಿಸ್ತೀನಿ. ಆ ಕಷಾಯ ಮಾತ್ರ ಈಗ ಬೇಡ. ಅದರಲ್ಲಿ ಏನಿದೆ, ಎಷ್ಟಿದೆ ನನಗೆ ಗೊತ್ತಿಲ್ಲ. ನಿಮ್ಮ ಲಿವರ್ ಎರಡನ್ನೂ ಹೊರಬೇಕಾಗುತ್ತೆ."

"ಅದನ್ನ ಹೊಳ್ಳಿಸೀನಿ ಬಿಡ್ರಿ," ಎಂದಳು ಅಕ್ಕ. "ಇನ್ನೊಂದ ಮಾತು. ಹೋದ ಸಲದ ತೂಕ ಸುಳ್ಳ ಐತಿ. ಈಗ ಮತ್ತೊಮ್ಮಿ ತೂಗ್ರಿ."

ಭಾವ ಮುಂದಿನ ಭಾನುವಾರ ಖಾನಾಪುರಕ್ಕೆ ಹೋಗಿ ಉಳಿಕೆಯನ್ನು ಮಲಪ್ರಭೆಗೆ ಬಿಟ್ಟು, ಗುಂಜಿಗೂ ಹೋಗಿ ಕಾಕಾನಿಗೆ ವಿಷಯ ತಿಳಿಸಿ ಬಂದರು. ಕಾಕಾ ಸಿಟ್ಟಾಗಲಿಲ್ಲವಂತೆ, ಒಂದು ಹಲಸಿನಕಾಯಿ ಕೊಟ್ಟು ಕಳಿಸಿದರಂತೆ. ಆ ಹೊತ್ತಿಗೆ ನಾನು ಹಳೆಯ ಸಹಪಾಠಿಯೊಬ್ಬನಿಗೆ ಫೋನ್ ಮಾಡಿ, ಕಷಾಯದಲ್ಲಿ ಕ್ಯಾಂಪ್ಟೋಥೆಸಿನ್ ಇದೆಯೇ ಎಂದು ವಿಶ್ವವಿದ್ಯಾಲಯದ ಯಂತ್ರದಲ್ಲಿ ನೋಡಿ ಹೇಳುತ್ತೀಯಾ ಎಂದು ಕೇಳುತ್ತಿದ್ದೆ. ಅವನು ಒಪ್ಪಿದಾಗ ಅದು ಹೊಳೆಯ ಪಾಲಾಗಿತ್ತು, ನಳಿಗೆಗಳನ್ನು ನಾನು ಆ ದಿನವೇ ತೊಳೆದಿಟ್ಟಿದ್ದೆ. ಅದು ನರಕ್ಯಾವೋ ಅಲ್ಲವೋ ನನಗೆ ಇನ್ನು ಗೊತ್ತಾಗುವುದಿಲ್ಲ. ಅಕ್ಕನ ನರಳಾಟಕ್ಕೆ ಸಲಾಯಿನ್ ಎಷ್ಟು ಕಾರಣ, ಕಷಾಯ ಎಷ್ಟು ಕಾರಣ ಎಂಬುದೂ ಗೊತ್ತಾಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಿಟ್ಟು ಮುಂದೆ ಹೋಗುವುದು ನನಗೆ ಕಷ್ಟ. ಆ ತಿಂಗಳುಗಳಲ್ಲಿ ಅದನ್ನೇ ಮಾಡಿದೆ.

ಏಕೆಂದರೆ ಮಾಡಬೇಕಾದ ಕೆಲಸ ಬೇರೆ ಇತ್ತು. ಊಟ ಮಾಡಿಕೊಂಡೇ ಕೀಮೋಗೆ ಬರಬೇಕೆಂದು ಡಾಕ್ಟರ್ ಹೇಳಿದ್ದರು, ಪೂಜೆ ಆಗದೆ ಅಕ್ಕ ಉಣ್ಣುವುದಿಲ್ಲ. ಕೀಮೋ ದಿನ ಅವಳು ಬೆಳಕು ಹರಿಯುವ ಮುಂಚೆ ಎದ್ದು ಲಿಂಗಪೂಜೆ ಮುಗಿಸಿ, ಒಂದು ರೊಟ್ಟಿ ತಿಂದು, ನಾನು ರಿಕ್ಷಾ ತರುವಷ್ಟರಲ್ಲಿ ಅಂಗಡಿಯ ಕಟ್ಟೆಗೆ ಇಳಿದು ನಿಂತಿರುತ್ತಿದ್ದಳು. ಮಾತ್ರೆಯ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿರುತ್ತಿದ್ದಳು. ಪೂಜೆಯ ನಡುವೆ ಏಳುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಎದ್ದ ದಿನ ಮೊದಲಿನಿಂದ ಮತ್ತೆ ಶುರು ಮಾಡುತ್ತಿದ್ದಳು. ಉಳಿದ ದಿನ ನೋಡಲು ಹೋದಾಗ ನಾನು ಬಾಗಿಲ ಹೊರಗೆ ಚಹಾ ಹಿಡಿದು ಕಾಯುತ್ತಿದ್ದೆ. ಒಳಗಿನ ಮೌನ ಉದ್ದವಾದಷ್ಟೂ ನನಗೆ ಸಮಾಧಾನ. ನಂಬದವನು ಇನ್ನೊಬ್ಬರ ಪೂಜೆ ಮುಗಿಯಲಿ ಎಂದು ಇಷ್ಟು ಗಟ್ಟಿಯಾಗಿ ಬಯಸಿದ್ದು ನಮ್ಮ ಮನೆಯಲ್ಲಿ ಅದೇ ಮೊದಲಿರಬೇಕು.

ಸುತ್ತಿನ ಕೊನೆಯ ಕೀಮೋ ದಿನ ನಾನು ಒಳಗಿರಲಿಲ್ಲ. ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಅಕ್ಕ ಆಮೇಲೆ ಹೇಳಿದ ಕಥೆ ಹೀಗೆ: ಬಾಟಲಿ ಖಾಲಿಯಾಗಿತ್ತು. ಸೂಜಿ ತೆಗೆಯಲು ಬಂದರೇನೋ ಎಂದುಕೊಂಡು ಅವಳು ಸಿಸ್ಟರ್ ಕೈ ಹಿಡಿದು, "ನಳಿಗ್ಯಾಗ ಇನ್ನೂ ಉಳದೈತಿ ನೋಡವಾ. ಅದೂ ನಂದ. ಅದನ್ನೂ ಬಿಡು" ಎಂದಳಂತೆ. ನಾನು ನಂಬಲಿಲ್ಲ. ಗಾದಿಯ ಮೇಲೆ ಕೂತು ದಿನವಿಡೀ ಮಾತು ಮಾರುವವಳು, ಗಿರಾಕಿಗಳ ಮುಂದೆ ಹೇಳುತ್ತ ಹೇಳುತ್ತ ಕಥೆಗೆ ಮೆರುಗು ಕೊಟ್ಟಿರುತ್ತಾಳೆ ಎಂದುಕೊಂಡೆ.

ಸ್ಕ್ಯಾನಿನ ವರದಿಗೆ ಹೋದ ದಿನ, ಕಲೆ ಚಿಕ್ಕದಾಗಿದೆ, ಹೋಗಿಲ್ಲ, ಮುಂದಿನ ಸುತ್ತು ಮಾಡೋಣ ಎಂದರು ಡಾಕ್ಟರ್. ತಾರೀಖು ಬರೆಸಿಕೊಳ್ಳಲು ಅಕ್ಕ ನನಗಿಂತ ಮುಂದೆ ಹೋಗಿ ನಿಂತಳು. ಆಗ ನಾನು ಕೀಮೋ ವಾರ್ಡಿಗೆ ಹೋಗಿ ಆ ಸಿಸ್ಟರನ್ನು ಹುಡುಕಿ, ಅಕ್ಕ ಹಾಗೆ ಅಂದದ್ದು ಹೌದೇ ಎಂದು ಕೇಳಿದೆ.

"ಹೌದ್ರಿ, ಅಂದಿದ್ರು," ಎಂದರು ಅವರು. "ನಾವು ಹೆಂಗೂ ಕೊನೀಗೆ ಔಷಧ ಇಲ್ಲದ ಬರೇ ಸಲಾಯಿನ್ ನೀರು ಬಿಟ್ಟು ನಳಿಗಿ ತೊಳೀತೀವಿ. ಅದ ಮಾಡಾಕ ಬಂದಿದ್ನಿ. ಅದು ಮುಗಿಯೂತನಕ ಅವರು ನನ್ನ ಕೈ ಬಿಡಲಿಲ್ಲ."